ಮಹಮ್ಮದ್ ಬಿನ್ ತುಘಲಕನ ಚರಿತ್ರೆಯ ಮೂವರು ಸಾಕ್ಷಿಗಳು

ಕ್ರಿ.ಶ. 1325ರಿಂದ 1351ರವರೆಗೆ ದೆಹಲಿಯನ್ನಾಳಿದ ಮಹಮ್ಮದ್ ಬಿನ್ ತುಘಲಕನನ್ನು ಕೆಲವರು ಕಾಲಕ್ಕೆ ಮಿಗಿಲಾದ ಸುಧಾರಕನೆಂದೂ ಹಲವರು ಪ್ರಜಾಪೀಡಕನೆಂದೂ ವರ್ಣಿಸುತ್ತ ಬಂದಿದ್ದಾರೆ. 1964ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ನಾಟಕದಿಂದ ಕನ್ನಡಿಗರಿಗೂ ಈ ಪ್ರಶ್ನೆ ಸುಪರಿಚಿತವಾಗಿದೆ. ತೀರ್ಪು ಕೊಡುವ ಮುನ್ನ ಸಾಕ್ಷಿಗಳು ಯಾರೆಂಬುದನ್ನು ನಾವು ಪರಿಶೀಲಿಸಬೇಕಾಗಿದೆ.

ಇಸಾಮಿಯು ತನ್ನ ಕಾವ್ಯವನ್ನು 1350ರಲ್ಲಿ ಮುಗಿಸಿ, ಸುಲ್ತಾನನ ವಿರುದ್ಧದ ದಂಗೆಯಿಂದ 1347ರಲ್ಲಿ ಬಹಮನಿ ರಾಜ್ಯದ ಸಿಂಹಾಸನವೇರಿದ ಅಲಾವುದ್ದೀನ್ ಹಸನನಿಗೆ ಅರ್ಪಿಸಿದನು. ದೌಲತಾಬಾದಿನ ದಾರಿಯಲ್ಲಿ ಅವನ ವೃದ್ಧ ಪಿತಾಮಹನು ತೀರಿಕೊಂಡಿದ್ದನು. ಬರನಿಯು ಹದಿನೇಳು ವರ್ಷ ಸುಲ್ತಾನನ ಸಮೀಪದಲ್ಲಿದ್ದವನು. ಅವನ ಹುಟ್ಟೂರಾದ ಬರನ್ ಪ್ರಾಂತವು ದೋಆಬಿನ ಕರಭಾರದಿಂದ ನಲುಗಿತ್ತು. ಇಬನ್ ಬತೂತನು ಸುಲ್ತಾನನಿಂದ ಕಾಜಿಯ ಪದವಿಯನ್ನೂ ಧನವನ್ನೂ ಪಡೆದನು, ಕೋಪಕ್ಕೂ ಪಾತ್ರನಾದನು. ಮೂವರಲ್ಲಿ ಯಾರೂ ನಿಷ್ಪಕ್ಷಪಾತಿಗಳಲ್ಲ.

ಆದುದರಿಂದ ಅವರ ಅತಿಶಯೋಕ್ತಿಗಳನ್ನು ನಾವು ಕಳೆಯಬೇಕು. ದೆಹಲಿಯು ಸಂಪೂರ್ಣವಾಗಿ ಬರಿದಾಯಿತೆಂಬ ಮಾತನ್ನು ಯಥಾವತ್ತಾಗಿ ಅಂಗೀಕರಿಸಲಾಗದು. ಆ ಪರಿಸರದಲ್ಲಿ ದೊರೆತ ವಿಕ್ರಮ ಸಂವತ್ 1384ರ, ಎಂದರೆ ಕ್ರಿ.ಶ. 1327-28ರ, ಎರಡು ಸಂಸ್ಕೃತ ಶಾಸನಗಳು ಬಾವಿ ತೋಡಿಸಿದ ಸಂಗತಿಯನ್ನು ಹೇಳಿ, ಅಲ್ಲಿ ಜನಜೀವನ ಸಾಗಿತ್ತೆಂದು ಸೂಚಿಸುತ್ತವೆ. ಹಿತ್ತಾಳೆ ತಾಮ್ರಗಳ ಸಂಕೇತನಾಣ್ಯವು ಖೋಟಾ ನಾಣ್ಯಗಳ ಹಾವಳಿಯಿಂದ ವಿಫಲವಾದಾಗ, ಸುಲ್ತಾನನು ಅದನ್ನು ಹಿಂತೆಗೆದುಕೊಂಡು ಬೊಕ್ಕಸದಿಂದ ಬೆಳ್ಳಿ ಬಂಗಾರಗಳನ್ನು ಕೊಡಿಸಿದನು. ಕ್ಷಾಮ ತಲೆದೋರಿದ ಬಳಿಕ ರೈತರಿಗೆ ಸಾಲ ಕೊಟ್ಟು ಬಾವಿಗಳನ್ನು ತೋಡಿಸಿದುದೂ ಉಂಟು. ಇವು ಕೇವಲ ಕ್ರೂರಿಯ ಲಕ್ಷಣಗಳಲ್ಲ.

ಇಷ್ಟನ್ನು ಕಳೆದ ಮೇಲೂ ಒಂದು ಅಂಶ ಉಳಿಯುತ್ತದೆ. ಬಂಡಾಯಗಾರನ ಆಶ್ರಿತ, ಆಸ್ಥಾನಿಕ, ಪರದೇಶಿ, ಹೀಗೆ ಭಿನ್ನ ಹಿತಗಳುಳ್ಳ ಮೂವರೂ ಬಲವಂತದ ವಲಸೆ ಮತ್ತು ನಿರ್ದಯ ಶಿಕ್ಷೆಗಳ ವಿಷಯದಲ್ಲಿ ಏಕಮತರಾಗಿದ್ದಾರೆ. ಈ ಸಾಕ್ಷ್ಯವನ್ನು ತಳ್ಳಿಹಾಕಲು ಸಾಧ್ಯವಿಲ್ಲ. ನಾಣ್ಯದ ನಷ್ಟವನ್ನು ಅರಸನು ಬೊಕ್ಕಸದಿಂದ ತುಂಬಿಕೊಟ್ಟನು. ದಾರಿಯಲ್ಲಿ ಮಡಿದವರನ್ನು ತಂದುಕೊಡಲು ಅವನಿಂದಾಗಲಿಲ್ಲ. ಉದ್ದೇಶದ ಔನ್ನತ್ಯವನ್ನು ಅರಸನ ಲೆಕ್ಕಕ್ಕೂ ಅದರ ವೆಚ್ಚವನ್ನು ಪ್ರಜೆಯ ಲೆಕ್ಕಕ್ಕೂ ಬರೆಯುವುದು ಚರಿತ್ರೆಯ ನ್ಯಾಯವಲ್ಲ. ಅವನ ಪ್ರತಿಭೆಯನ್ನು ನಾವು ಒಪ್ಪುತ್ತೇವೆ. ವೀರನೆಂಬ ಬಿರುದನ್ನು ಒಪ್ಪಲಾರೆವು.

ಪ್ರಾಣಭಯದಿಂದಲೂ ಧನಾಶೆಯಿಂದಲೂ ತಾನು ಅರಸನೆದುರು ಸತ್ಯವನ್ನಾಡಲಿಲ್ಲವೆಂದು ಬರನಿಯು ವೃದ್ಧಾಪ್ಯದಲ್ಲಿ ಪಶ್ಚಾತ್ತಾಪಪಟ್ಟಿದ್ದಾನೆ. ಪ್ರಜಾಪೀಡನೆಯು ಒಬ್ಬನಿಂದಲೇ ಬೆಳೆಯುವುದಿಲ್ಲ. ಬಲ್ಲವರ ಮೌನವೂ ಅದಕ್ಕೆ ನೀರೆರೆಯುತ್ತದೆಂಬುದನ್ನು ಚರಿತ್ರೆಯನ್ನು ಬೋಧಿಸುವ ನಾವು ಮರೆಯಲಾಗದು.