ಪೊರ್ಚೀನಿ ಪೇಕೆಟಿನ ಒಳ ಎಂತ ಇದ್ದು?

ಇಟೆಲಿಯೋರ ಅಡಿಗೆಲಿ ಪೊರ್ಚೀನಿ ಹೇಳ್ತ ಅಣಬೆಗೆ ಭಾರೀ ಮರ್ಯಾದಿ. ಕೊರದು, ಒಣಗಿಸಿ, ಪೇಕೆಟು ಮಾಡಿ ಲೋಕ ಇಡೀ ಮಾರ್ತವು. ನಮ್ಮೋರ ಅಟ್ಟುಂಬೊಳಂಗೆ ಅಣಬೆ ಹೊಕ್ಕದೇ ಕಮ್ಮಿ, ಅದು ಬೇರೆ ಶುದ್ದಿ. ಆದರೆ ಪೇಕೆಟಿನ ಮೇಗೆ ಬರದ ಹೆಸರಿಂಗೂ ಒಳ ಇಪ್ಪ ವಸ್ತುವಿಂಗೂ ಎಷ್ಟು ಸಂಬಂಧ ಇದ್ದು ಹೇಳಿ ನಾವುದೆ ಕೇಳೆಕ್ಕಾದ್ದೇ ಅಲ್ಲದೋ?

ವಿಜ್ಞಾನದೋರು ಪೊರ್ಚೀನಿಯ ಬೊಲೀಟಸ್ ಹೇಳ್ತ ಕುಲಕ್ಕೆ ಸೇರ್ಸಿದ್ದವು. ಸಾಮಾನ್ಯ ಅಣಬೆಯ ಕೊಡೆ ಮೊಗಚ್ಚಿ ನೋಡಿರೆ ಪುಸ್ತಕದ ಹಾಳೆಯ ಹಾಂಗೆ ಪದರ ಕಾಣ್ತು. ಇದರ ಅಡಿಲಿ ಪದರ ಇಲ್ಲೆ, ಸ್ಪಂಜಿನ ಹಾಂಗೆ ಕುಂಞಿ ಕುಂಞಿ ಒಟ್ಟೆಗೊ.

ಮದಲಾಣ ರೋಮಿನೋರಿಂಗೆ ಬೊಲೀಟಸ್ ಹೇಳಿರೆ ಇದು ಅಲ್ಲವೇ ಅಲ್ಲ. ಅವರದ್ದು ಕಿತ್ತಳೆ ಬಣ್ಣದ ಕೊಡೆಯ, ಅಡಿಲಿ ಪದರ ಇಪ್ಪ ಬೇರೆಯೇ ಅಣಬೆ. ಈಗ ಅದಕ್ಕೆ ಅಮಾನಿಟ ಸಿಸೇರಿಯ ಹೇಳಿ ಹೆಸರು. ಕ್ರಿ.ಶ. 54ರಲ್ಲಿ ಸತ್ತ ಕ್ಲಾಡಿಯಸ್ ಚಕ್ರವರ್ತಿಗೆ ಹೆಂಡತ್ತಿ ಅಗ್ರಿಪ್ಪಿನ ವಿಷ ಕೊಟ್ಟದು ಅದೇ 'ಬೊಲೀಟಸ್'ನ ಪದಾರ್ಥಲ್ಲಿ ಹೇಳಿ ಹಳೇ ಇತಿಹಾಸಕಾರರು ಬರದ್ದವು. ಈಗಾಣ ಪೊರ್ಚೀನಿಯ ಹಾಂಗಿದ್ದದಕ್ಕೆ ಅವು ಹೇಳಿಯೊಂಡಿದ್ದದು 'ಸುಯಿಲ್ಲಸ್' ಹೇಳಿ, ಅಂದರೆ ಹಂದಿದು. ಪೊರ್ಚೀನಿ ಹೇಳಿರೂ ಹಂದಿಮರಿಯೇ! ಅಡಿಗೆಯೋರ ಬಾಯಿಲಿ ಹಂದಿ ಎರಡು ಸಾವಿರ ವರ್ಷ ಒಳುದತ್ತು. ದಾರಿ ತಪ್ಪಿದ್ದು ಪುಸ್ತಕದೋರ ಹೆಸರು.

1753ರಲ್ಲಿ ಸ್ವೀಡನಿನ ಲಿನ್ನೇಯಸ್ ಒಟ್ಟೆ ಇಪ್ಪ ಅಣಬೆಗಳ ಎಲ್ಲ ಒಂದೇ ಹೆಡಗೆಗೆ ಹಾಕಿ ಬೊಲೀಟಸ್ ಹೇಳಿದ. ಮರಲ್ಲಿ ಬೆಳವ ಗಟ್ಟಿ ಅಣಬೆಗಳೂ ಅದರೊಳವೇ. 1782ರಲ್ಲಿ ಫ್ರಾನ್ಸಿನ ಬುಲಿಯಾರ್ ಪೊರ್ಚೀನಿಗೆ 'ಬೊಲೀಟಸ್ ಎಡುಲಿಸ್' ಹೇಳಿ ಹೆಸರು ಮಡುಗಿದ. 1821ರಲ್ಲಿ ಇಂಗ್ಲೆಂಡಿನ ಗ್ರೇ ಹೆಡಗೆಯ ಪಾಲು ಮಾಡ್ಲೆ ಹೆರಟ. ಸುಯಿಲ್ಲಸ್ ಹೇಳ್ತ ಹೆಸರಿನ ತೆಗದು, ಲೋಳೆ ಲೋಳೆ ಕೊಡೆಯ ಮತ್ತೊಂದು ಗುಂಪಿಂಗೆ ಕೊಟ್ಟ. ಹಂದಿಯ ಹೆಸರು ಹಂದಿ ಅಣಬೆಗೇ ಇಲ್ಲದ್ದ ಹಾಂಗೆ ಆತು.

ಪುಸ್ತಕಲ್ಲಿ ಎಂತ ಆದರೂ, ಕಾಡಿಂಗೆ ಹೋಪೋರಿಂಗೆ ಜೀವದ ಪ್ರಶ್ನೆ. ಅವರ ಲೆಕ್ಕ ಬೇರೆ: ದಂಟಿನ ಮೇಗೆ ಬೆಳಿ ಬಲೆಯ ಹಾಂಗಿಪ್ಪ ಗೆರೆ ಇದ್ದೋ? ಕೊರದಪ್ಪಗ ಒಳ ಬೆಳಿಯೇ ಒಳಿತ್ತೋ, ಅಲ್ಲ ನೀಲಿ ತಿರುಗುತ್ತೋ? ಬದನೆಕಾಯಿ ಕೊರದು ಮಡುಗಿರೆ ಕಪ್ಪಾವ್ತಲ್ಲದೋ, ಹಾಂಗೇ ಗಾಳಿ ತಾಗಿ ಬಣ್ಣ ತಿರುಗುದು. ನೀಲಿ ಆದ್ದೆಲ್ಲ ವಿಷ ಅಲ್ಲ, ಕೆಲವರ ಲಾಯ್ಕಲ್ಲಿ ಬೇಶಿ ತಿಂತವು. ಪೊರ್ಚೀನಿ ಮಾತ್ರ ನೀಲಿ ಆವ್ತಿಲ್ಲೆ. ನೋಡ್ಲೆ ಅದರ ಹಾಂಗೇ ಇಪ್ಪ ಇನ್ನೊಂದು ಇದ್ದು, ಟೈಲೊಪೈಲಸ್ ಫೆಲ್ಲಿಯಸ್ ಹೇಳಿ. ಗೆರೆ ಕಪ್ಪು, ಒಟ್ಟೆಗೊ ನಸು ಗುಲಾಬಿ. ವಿಷ ಅಲ್ಲ, ಆದರೆ ಒಂದೇ ಒಂದು ಬಿದ್ದರೆ ಅಳಗೆ ಇಡೀ ಕೈಕ್ಕೆ! ಕೆಂಪು ಒಟ್ಟೆಯ ಇನ್ನೊಂದರ 1831ರಲ್ಲಿ ವಿವರ್ಸಿದ್ದು ಜರ್ಮನಿಯ ಲೆಂಝ್. ಅದರ ಗಾಳಿ ತಾಗಿಯೇ ಸೌಖ್ಯ ತಪ್ಪಿತ್ತು ಹೇಳಿ ಗ್ರೇಶಿ, 'ಸಟಾನಸ್', ಸೈತಾನ, ಹೇಳಿ ಹೆಸರು ಮಡುಗಿದ. (ಈ ಗುರ್ತಂಗೊ ಯುರೋಪಿನ ಕಾಡಿಂಗೆ. ನಮ್ಮ ಗುಡ್ಡೆಲಿ ಇದರ ನಂಬಿ ಅಣಬೆ ಕೊಯ್ವಲೆ ಹೋಪಲಾಗ.)

ಮತ್ತೆ ಡಿಎನ್‌ಎ ಪರೀಕ್ಷೆ ಬಂತು, ಹೆಡಗೆ ಪೂರಾ ಮೊಗಚ್ಚಿತ್ತು. 2014ರಲ್ಲಿ ಸೈತಾನಂಗೆ ರುಬ್ರೊಬೊಲೀಟಸ್ ಹೇಳ್ತ ಹೊಸ ಕುಲ ಆತು. ಬೊಲೀಟಸಿಲಿ ಒಳುದ್ದದು ಪೊರ್ಚೀನಿಯುದೆ ಅದರ ಹತ್ತರಾಣ ನೆಂಟ್ರುದೆ. ಇನ್ನೊಂದು ತಮಾಷೆ: ಕೊಡೆಯೂ ಇಲ್ಲದ್ದ, ಒಟ್ಟೆಯೂ ಇಲ್ಲದ್ದ, ಉರುಟು ಕಲ್ಲಿನ ಹಾಂಗಿಪ್ಪ ನಮ್ಮ ಕರಾವಳಿಯ ಕಲ್ಲಣಬೆ ಇದ್ದನ್ನೆ, ಸುರುವಾಣ ಗುಡುಗು ಮಳೆಗೆ ಬಪ್ಪದು, ಅದರ ಅಸ್ಟ್ರೇಯಸ್ ಕುಲವೂ ಬೊಲೀಟಸಿನ ದೊಡ್ಡ ಕುಟುಂಬದ್ದೇ ಅಡ. ನೋಡಿ ಗುರ್ತ ಮಾಡ್ಲೆ ಆರಿಂಗೆ ಎಡಿಗು?

ಈಗ ಪೇಕೆಟಿಂಗೆ ಬಪ್ಪ. ಪೊರ್ಚೀನಿ ಪೈನ್, ಓಕ್ ಹಾಂಗಿಪ್ಪ ಮರಂಗಳ ಬೇರಿನೊಟ್ಟಿಂಗೆ ಕೂಡಿ ಬದುಕುದು. ತೋಟ ಮಾಡಿ ಬೆಳೆಶಲೆ ಎಡಿತ್ತಿಲ್ಲೆ, ಕಾಡಿಂದಲೇ ಹೆರ್ಕಿ ತರೆಕ್ಕು. ಯುರೋಪಿನ ಕಾಡಿಲಿ ಸಿಕ್ಕುದು ಸಾಕಾವ್ತಿಲ್ಲೆ, ಅಂಬಗ ಚೀನಾಂದ ಬಪ್ಪಲೆ ಸುರುವಾತು. ಲಂಡನಿನ ಕ್ಯೂ ಸಸ್ಯೋದ್ಯಾನದ ಬ್ರಿನ್ ಡೆಂಟಿಂಜರ್, ಲಾರಾ ಸೂಸ್ ಹೇಳ್ತೋರು ಅಲ್ಲಿಯಾಣ ಅಂಗಡಿಂದ ಒಣಗಿದ ಪೊರ್ಚೀನಿಯ ಒಂದು ಪೇಕೆಟು ತೆಗದು, 15 ಚೂರುಗಳ ಡಿಎನ್‌ಎ ನೋಡಿದವು. ಬೊಲೀಟಸ್ ಎಡುಲಿಸ್ ಒಂದೂ ಇಲ್ಲೆ! ಇದ್ದದು ಚೀನಾದ ಮೂರು ಜಾತಿ, ಮೂರಕ್ಕೂ ಅಷ್ಟರ ವರೆಗೆ ವಿಜ್ಞಾನಲ್ಲಿ ಹೆಸರೇ ಇತ್ತಿಲ್ಲೆ. ಮೋಸ ಹೇಳ್ಲೆ ಎನಗೆ ಮನಸ್ಸು ಬತ್ತಿಲ್ಲೆ. ಹೆಸರೇ ಇಲ್ಲದ್ದರ ಪೇಕೆಟಿನ ಮೇಗೆ ಬರವದು ಹೇಂಗೆ?

2014ರಲ್ಲಿ ಅವು ಮೂರಕ್ಕೂ ಹೆಸರು ಮಡುಗಿದವು. ಸುರುವಾಣದ್ದು ಬೈನ್ಯುಗಾನ್, ಚೀನೀ ಭಾಷೆಲಿ ಬೆಳಿ ದನದ ಲಿವರು ಹೇಳಿ ಅರ್ಥ. ಎರಡನೇದಕ್ಕೆ ರುಚಿಯಾದ ದನದ ಲಿವರಿನ ಅಣಬೆ ಹೇಳಿ. ಮೂರನೇದು ಶಿಯೊಂಗ್, ತಿಂಬಲಕ್ಕು ಹೇಳಿ ಅರ್ಥ. 1782ರಲ್ಲಿ ಬುಲಿಯಾರ್ ಮಡುಗಿದ 'ಎಡುಲಿಸ್'ಗುದೆ ಅದೇ ಅರ್ಥ.