‘ಸಂಸ್ಕೃತಿ-ತೌಲನಿಕ’: ಒಂದು ಪದದ ಅರ್ಥವಿಚಾರ

ಶಿವಶರಣರನ್ನು ಅನ್ಯದೇಶೀಯ ಅನುಭಾವಿಗಳೊಡನೆಯೂ ಧರ್ಮಸುಧಾರಕರೊಡನೆಯೂ ಹೋಲಿಸಿ ನೋಡುವ ಪದ್ಧತಿ ವಚನ ಸಾಹಿತ್ಯದ ಅಭ್ಯಾಸದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಂತಹ ಹೋಲಿಕೆಗೆ ಇಂಗ್ಲಿಷಿನಲ್ಲಿ ‘ಕ್ರಾಸ್-ಕಲ್ಚರಲ್’ ಎಂಬ ವಿಶೇಷಣವುಂಟು. ಇದನ್ನು ಕನ್ನಡದಲ್ಲಿ ‘ಅಂತರಸಾಂಸ್ಕೃತಿಕ’ ಎಂದರೆ ಅರ್ಥ ಸಡಿಲವಾಗುತ್ತದೆ. ಎರಡು ಸಂಸ್ಕೃತಿಗಳು ಪರಸ್ಪರ ಸಂಧಿಸಿ ಕೊಡುಕೊಳೆ ನಡೆಸುವಲ್ಲಿ ಆ ಮಾತು ಸಲ್ಲುತ್ತದೆ. ಒಂದನ್ನೊಂದು ಎಂದೂ ಕಂಡಿರದ ಸಂಸ್ಕೃತಿಗಳನ್ನೂ ಒಂದೇ ಅಳತೆಗೋಲಿನಿಂದ ಪರೀಕ್ಷಿಸುವಲ್ಲಿ ‘ಸಂಸ್ಕೃತಿ-ತೌಲನಿಕ’ ಎಂಬುದೇ ಯುಕ್ತವಾದುದು. ಈ ವಿವೇಚನೆ ಏಕೆ ಅವಶ್ಯಕವೆಂಬುದನ್ನು ಆ ವಿಧಾನದ ಚರಿತ್ರೆಯೇ ತಿಳಿಸುತ್ತದೆ.

1888ರಲ್ಲಿ ಲಂಡನ್ನಿನ ಮಾನವಶಾಸ್ತ್ರ ಸಂಸ್ಥೆಯಲ್ಲಿ ಎಡ್ವರ್ಡ್ ಟೈಲರ್ ಒಂದು ಪ್ರಬಂಧವನ್ನು ಮಂಡಿಸಿದನು. ಮುನ್ನೂರಕ್ಕೂ ಹೆಚ್ಚು ಜನಾಂಗಗಳ ವಿವಾಹಪದ್ಧತಿಗಳನ್ನು ಕೋಷ್ಟಕಗಳಲ್ಲಿ ಅಳವಡಿಸಿ, ಅಳಿಯನು ಹೆಂಡತಿಯ ಮನೆಯಲ್ಲಿ ವಾಸಿಸುವ ರೂಢಿಗೂ ಆ ಮನೆಯವರೊಡನೆ ಮಾತುಕತೆಯನ್ನು ವರ್ಜಿಸುವ ರೂಢಿಗೂ ಸಂಬಂಧವಿದೆಯೆಂದು ತೋರಿಸಿದನು. ಅಂದು ಅಧ್ಯಕ್ಷತೆ ವಹಿಸಿದ್ದ ಫ್ರಾನ್ಸಿಸ್ ಗಾಲ್ಟನ್ ಒಂದು ಆಕ್ಷೇಪವನ್ನೆತ್ತಿದನು. ಈ ಜನಾಂಗಗಳಲ್ಲಿ ಎಷ್ಟು ಮಂದಿ ಆ ಆಚಾರವನ್ನು ಸ್ವತಂತ್ರವಾಗಿ ಬೆಳೆಸಿಕೊಂಡರು? ಎಷ್ಟು ಮಂದಿ ನೆರೆಯವರಿಂದ ಅಥವಾ ಸಮಾನ ಪೂರ್ವಜರಿಂದ ಪಡೆದರು? ಒಂದೇ ಮೂಲದ ಹತ್ತು ಪ್ರತಿಗಳನ್ನು ಹತ್ತು ಸಾಕ್ಷಿಗಳೆಂದು ಎಣಿಸಲಾಗದಷ್ಟೆ. ಈ ಪ್ರಶ್ನೆ ಇಂದಿಗೂ ‘ಗಾಲ್ಟನ್ ಸಮಸ್ಯೆ’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಎರಡನೆಯ ಎಚ್ಚರಿಕೆಯನ್ನು ಕೊಟ್ಟವನು ಫ್ರಾನ್ಜ್ ಬೋವಾಸ್. 1896ರ ತನ್ನ ಲೇಖನದಲ್ಲಿ ಆತನು ಮುಖವಾಡದ ನಿದರ್ಶನವನ್ನು ಕೊಡುತ್ತಾನೆ. ಒಂದೆಡೆ ದೆವ್ವಗಳನ್ನು ವಂಚಿಸಲು, ಮತ್ತೊಂದೆಡೆ ಮೃತರ ಸ್ಮರಣೆಗಾಗಿ ಮುಖವಾಡವನ್ನು ಧರಿಸುತ್ತಾರೆ. ಹೊರರೂಪ ಒಂದೇ ಆದರೂ ಕಾರಣಗಳು ಬೇರೆಬೇರೆ.

1937ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಪೀಟರ್ ಮರ್ಡಾಕ್ ‘ಕ್ರಾಸ್-ಕಲ್ಚರಲ್ ಸರ್ವೆ’ ಎಂಬ ಸಂಗ್ರಹಕಾರ್ಯವನ್ನು ಆರಂಭಿಸಿದ ಮೇಲೆ ಈ ಪದ ವಿದ್ವದ್ವಲಯದಲ್ಲಿ ನೆಲೆಗೊಂಡಿತು. 1949ರ ತನ್ನ ಗ್ರಂಥದಲ್ಲಿ ಆತನು 250 ಸಮಾಜಗಳನ್ನು ಪರಿಶೀಲಿಸಿದನು. 1969ರಲ್ಲಿ ಡಗ್ಲಸ್ ವೈಟ್‌ನೊಡನೆ ಸೇರಿ, ಗಾಲ್ಟನ್ನನ ಆಕ್ಷೇಪ ಆದಷ್ಟು ತಟ್ಟದಂತೆ 186 ಸಮಾಜಗಳನ್ನು ಆಯ್ದುಕೊಟ್ಟನು.

ಈ ಎರಡು ಎಚ್ಚರಿಕೆಗಳನ್ನು ಮನಸ್ಸಿನಲ್ಲಿಟ್ಟು ನಮ್ಮ ವಿಷಯಕ್ಕೆ ಬರೋಣ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟವಾದ ತಮ್ಮ ವಚನಾನುವಾದದ ಪ್ರಸ್ತಾವನೆಯಲ್ಲಿ ಶರಣ ಚಳವಳಿಗೂ ಯೂರೋಪಿನ ಪ್ರಾಟೆಸ್ಟೆಂಟ್ ಚಳವಳಿಗೂ ಇರುವ ಸಾಮ್ಯಗಳನ್ನು ಗುರುತಿಸಿದ್ದಾರೆ. ಶರಣರು ಹನ್ನೆರಡನೆಯ ಶತಮಾನದವರು. ಲೂಥರನ ಪ್ರತಿಭಟನೆ ನಡೆದದ್ದು 1517ರಲ್ಲಿ. ಇಲ್ಲಿ ಎರವಲಿನ ಮಾತೇ ಬಾರದಾದ್ದರಿಂದ ಗಾಲ್ಟನ್ನನ ಪ್ರಶ್ನೆ ಅಷ್ಟಾಗಿ ಬಾಧಿಸದು. ಬೋವಾಸನ ಪ್ರಶ್ನೆಯಾದರೋ ಉಳಿದೇ ಇದೆ.

ಕಾಯಕ ತತ್ತ್ವವನ್ನೇ ನೋಡಬಹುದು. 1904-05ರಲ್ಲಿ ಮ್ಯಾಕ್ಸ್ ವೇಬರ್ ಪ್ರತಿಪಾದಿಸಿದಂತೆ, ಪ್ರಾಟೆಸ್ಟೆಂಟರಲ್ಲಿ ವೃತ್ತಿಯು ದೈವದತ್ತ ಕರ್ತವ್ಯವಾಯಿತು. ದುಡಿಮೆಯೊಡನೆ ಮಿತಭೋಗ ಸೇರಿ ಸಂಪತ್ತಿನ ಸಂಚಯಕ್ಕೂ ಬಂಡವಾಳಕ್ಕೂ ದಾರಿಯಾಯಿತು. ಕಾಯಕದಲ್ಲಿಯೂ ದುಡಿಮೆ ಪವಿತ್ರವೇ. ಆದರೆ ಅದರ ಫಲ ಹರಿಯುವುದು ದಾಸೋಹಕ್ಕೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗ ಸರ್ವವಿದಿತ. ಸಂಚಯವೇ ದೋಷವೆನಿಸುವಲ್ಲಿ ಕಾಯಕವನ್ನು ಪ್ರಾಟೆಸ್ಟೆಂಟ್ ದುಡಿಮೆಯ ಪೂರ್ವರೂಪವೆಂದು ಕರೆದರೆ, ಅದರ ಅರ್ಧವನ್ನು ಮಾತ್ರ ತೂಗಿದಂತಾಗುತ್ತದೆ.

‘ತೌಲನಿಕ’ ಪದದೊಳಗೆ ತುಲೆ, ಎಂದರೆ ತಕ್ಕಡಿ ಇದೆ. ತಟ್ಟೆಗಳೆರಡು, ದಂಡ ಒಂದು. ಆ ದಂಡ ಯಾವ ತಟ್ಟೆಗೂ ಸೇರಿದುದಲ್ಲ. ಶರಣರು ಲೂಥರನಂತಿದ್ದರೆಂದು ನಾವು ಹಿಗ್ಗುವಾಗ ಲೂಥರನನ್ನೇ ದಂಡವಾಗಿಸಿಕೊಂಡಿರುತ್ತೇವೆ. ಲೂಥರನು ಶರಣರ ಮಟ್ಟಕ್ಕೆ ಏರಲಿಲ್ಲವೆಂದಾಗಲೂ ಆಗುವುದು ಅದೇ ತಪ್ಪು. ಹೋಲಿಕೆ ಬೇಡವೆಂದು ಇದರ ಅರ್ಥವಲ್ಲ. ಕಾಯಕದೊಡನೆ ದಾಸೋಹವನ್ನೂ, ವೃತ್ತಿಯೊಡನೆ ಸಂಚಯವನ್ನೂ ಪೂರ್ಣವಾಗಿ ತಟ್ಟೆಗಿಟ್ಟು ತೂಗಿದಾಗಲೇ ನಮ್ಮ ಅಭ್ಯಾಸಕ್ಕೆ ‘ಸಂಸ್ಕೃತಿ-ತೌಲನಿಕ’ವೆಂಬ ಹೆಸರು ಅನ್ವರ್ಥವಾಗುತ್ತದೆ.