ಜವಳಗೇರಾ ಸೀಮೆಯ ಮೂಲಪುರುಷರು: ಕಂದಾಯ ಕಡತ, ಹೆಳವರ ವಹಿ, ಶಿಬಿರದ ಕಾಗದ

ಸಿಂಧನೂರು ತಾಲ್ಲೂಕಿನ ಜವಳಗೇರಾ ಸೀಮೆಯ ಒಕ್ಕಲು ಮನೆತನವೊಂದು ತನ್ನ ಮೊದಲ ಮುತ್ತ್ಯಾನನ್ನು ದಾಖಲೆಗಳಲ್ಲಿ ಹುಡುಕಹೊರಟರೆ ಮೊದಲು ಆಳ್ವಿಕೆಗಳ ಲೆಕ್ಕ ಹಾಕಬೇಕಾಗುತ್ತದೆ. ರಾಯಚೂರು ದೋಆಬ್ 1853ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ 1860ರಲ್ಲಿ ಮರಳಿತು. ಲಿಂಗಸೂಗೂರು ಬೇರೆ ಜಿಲ್ಲೆಯಾಗಿದ್ದು 1905ರಲ್ಲಿ ರದ್ದಾಯಿತು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು, 1956ರಲ್ಲಿ ಈ ನೆಲ ಮೈಸೂರು ರಾಜ್ಯಕ್ಕೆ ಬಂತು.

ಹುಡುಕಾಟಕ್ಕೆ ಗಟ್ಟಿ ಮೆಟ್ಟಿಲು 1954-55ರ ಖಾಸ್ರಾ ಪಹಣಿ. ಪಟ್ಟೇದಾರ ಯಾರು, ಸಾಗುವಳಿ ಯಾರದು ಎಂಬುದು ಅದರಲ್ಲಿ ಬೇರೆಬೇರೆಯಾಗಿ ಕಾಣುತ್ತದೆ. ಅಲ್ಲಿಂದ ಹಿಂದಕ್ಕೆ ಹೋದರೆ ನಿಜಾಮನ ಕಾಲದ ಉರ್ದು ಕಡತಗಳು, ಫಸಲಿ (ಕಂದಾಯ) ವರ್ಷಗಳು. ಫಸಲಿ 1358ಕ್ಕೆ 590 ಕೂಡಿಸಿದರೆ 1948. ಆದರೆ ಈ ಕಡತಗಳಿಗೆ ಬೇಕಾಗಿದ್ದವನು ಕಂದಾಯಕ್ಕೆ ಹೊಣೆಯಾದವನು. 1949ರಲ್ಲಿ ಜಾಗೀರು ರದ್ದಾಗುವವರೆಗೆ ಜಾಗೀರಿನ ಹೊಲದಲ್ಲಿ ದುಡಿದ ರೈತನ ಹೆಸರು, ಅದರಲ್ಲೂ ಅವನ ಹೆಂಡತಿಯ ಹೆಸರು, ಇವುಗಳಲ್ಲಿ ಸಿಗುವುದು ಕಷ್ಟ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವವರು ವಂಶಾವಳಿ ಹೇಳುವ ಹೆಳವರು. ಎತ್ತಿನೊಡನೆ ಊರೂರು ತಿರುಗಿ, ಒಕ್ಕಲ ಮನೆಯ ಮುಂದೆ ಬೆಡಗು, ಬಂದ ಊರು, ಕವಲೊಡೆದ ಅಣ್ಣತಮ್ಮಂದಿರನ್ನು ಹೇಳಿ, ಕಾಳು ಪಡೆದು, ಹೊಸದಾಗಿ ಹುಟ್ಟಿದವರನ್ನು ವಹಿಗೆ ಸೇರಿಸಿಕೊಳ್ಳುವುದು ಅವರ ಪರಂಪರೆ. ಮನೆತನ ಎಲ್ಲಿಂದ ಬಂತೆಂಬುದನ್ನು ಕಂದಾಯ ಕಡತ ಕೇಳುವುದೇ ಇಲ್ಲ. ಹೆಳವರ ವಹಿ ಆರಂಭವಾಗುವುದೇ ಅಲ್ಲಿಂದ. ಆದರೂ ಕಾಳು ಕೊಡುವ ಮನೆಯ ಹೊಗಳಿಕೆ ಅದರಲ್ಲಿ ಬೆರೆತಿರುತ್ತದೆ. ವಹಿಯ ಕೊನೆಯ ತಲೆಮಾರುಗಳು ಪಹಣಿಯ ತಂದೆ-ಮಗನ ಹೆಸರುಗಳೊಡನೆ ಹೊಂದಿದರೆ ಮಾತ್ರ ಅದರ ಹಿಂದಿನ ಕೊಂಡಿಗಳಿಗೆ ಬೆಲೆ ಕೊಡಬಹುದು.

ತುಂಗಭದ್ರಾ ಎಡದಂಡೆ ನಾಲೆಯ ನೀರು ಇಲ್ಲಿ ಹೊಸ ಮೂಲಪುರುಷರನ್ನೇ ಹುಟ್ಟಿಸಿತು. ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ನಾಲೆಗೆ ನೀರು ಬಿಟ್ಟದ್ದು 1953ರಲ್ಲಿ. ಕರಾವಳಿ ಆಂಧ್ರದ ರೈತರು ಬಂದು ಒಣಭೂಮಿ ಕೊಂಡು ಗದ್ದೆ ಮಾಡಿದರು; ಅವರು ನೆಲೆಸಿದ ಜಾಗಗಳಿಗೆ ‘ಕ್ಯಾಂಪ್’ ಎಂಬ ಹೆಸರೇ ನಿಂತಿತು. ಇಂಥ ಮನೆತನಗಳ ಬೇರು ಹುಡುಕಲು ನೋಂದಣಿ ಕಚೇರಿಯ ಖರೀದಿ ಪತ್ರಗಳು ನೆರವಾಗುತ್ತವೆ.

ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಕಥೆಗೆ ಅಂಥ ಪತ್ರಗಳು ಸಾಲವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ಭೂಮಿ ಕೊಟ್ಟು ನೆಲೆ ಒದಗಿಸಿತು. ಅಜ್ಜ ಯಾವಾಗ ಗಡಿ ದಾಟಿದ ಎಂಬ ಪ್ರಶ್ನೆ ಇವರಿಗೆ ಪೌರತ್ವದ ಪ್ರಶ್ನೆಯೂ ಹೌದು. ಪೌರತ್ವ ತಿದ್ದುಪಡಿ ಕಾಯ್ದೆಯಡಿ ಕೆಲವರಿಗೆ ಪ್ರಮಾಣಪತ್ರ ಸಿಕ್ಕದ್ದು 2024ರಲ್ಲಿ. ಶಿಬಿರದ ಚೀಟಿ, ಭೂಮಂಜೂರಾತಿ ಆದೇಶ, ಪಡಿತರ ಕಾರ್ಡುಗಳನ್ನು ಸಂಶೋಧಕರು ಪ್ರತಿ ಮಾಡಿಟ್ಟುಕೊಳ್ಳಬೇಕು. ಬಿಟ್ಟುಬಂದ ಹಳ್ಳಿಯ ಹೆಸರನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಬಾಯಿಂದ ಅದನ್ನು ಬರೆದುಕೊಳ್ಳಬೇಕು.